ಬಿಸಿಲಿಗೆ ಹಿಡಿದ ಬಾಟಲಿ

ಬೆಳಗಿನ ಆರು ಗಂಟೆ. ಲೋಹ ಬೇರ್ಪಡಿಸುವ ಕಾರ್ಖಾನೆಯ ಕೊನೆಯ ತೊಟ್ಟಿಯ ಬಳಿ ಹೆಂಗಸೊಬ್ಬರು ಗಾಜಿನ ಬಾಟಲಿ ಹಿಡಿದು ನಿಂತಿದ್ದಾರೆ. ಎದುರಿಗೆ ಹೊಸ ಎಂಜಿನಿಯರ್. ಬಾಟಲಿಯ ನೀರು ಟ್ಯೂಬ್‌ಲೈಟಿನ ಕೆಳಗೆ ಪೇಲವವಾಗಿ, ತುಸು ಹಸಿರಾಗಿ ಕಾಣುತ್ತಿದೆ.

"ಬೆರೆತುಹೋಗಿದೆ. ಪೂರ್ತಿ ಮೊದಲನೇ ತೊಟ್ಟಿಗೆ ವಾಪಸ್ ಬಿಡಿ," ಎನ್ನುತ್ತಾರೆ ಎಂಜಿನಿಯರ್.

"ಇಪ್ಪತ್ತು ನಿಮಿಷ ತಡೀರಿ ಸಾರ್. ಸೂರ್ಯ ಬರ್ಲಿ."

"ಸೂರ್ಯ ಬಂದು ಏನ್ ಮಾಡ್ತಾನೆ?"

"ಬಣ್ಣ ಹೇಳ್ತಾನೆ. ನನ್ನ ಮಾತು ತಪ್ಪಾದ್ರೆ ಈ ತೊಟ್ಟಿ ಸಾಲು ಬಿಟ್ಟು ಪ್ಯಾಕಿಂಗ್ ಕಡೆ ಹೋಗ್ತೀನಿ."

ಎಲ್ಲರೂ ಇವರನ್ನು ಕರೆಯುವುದು ತೊಟ್ಟಿಯಕ್ಕ ಎಂದು. ವಯಸ್ಸು ಐವತ್ತೊಂದು. ಇಪ್ಪತ್ತಮೂರು ವರ್ಷದಿಂದ ಇದೇ ತೊಟ್ಟಿಗಳ ಸಾಲು. ನಿಮ್ಮ ಬ್ಯಾಟರಿ ಸ್ಕೂಟರಿನ ಮೋಟಾರು ತಿರುಗುವುದು ಒಂದು ಬಲಶಾಲಿ ಅಯಸ್ಕಾಂತದಿಂದ. ಅದಕ್ಕೆ ಬೇಕಾದ ನಿಯೋಡಿಮಿಯಮ್ ಎಂಬ ಲೋಹ ಇಲ್ಲಿ ಆಮ್ಲದ ನೀರಿನಲ್ಲಿ ಕರಗಿರುತ್ತದೆ. ಪ್ರೇಸಿಯೋಡಿಮಿಯಮ್ ಎಂಬ ಹಸಿರು ಬಣ್ಣದ ಒಡಹುಟ್ಟು ಅದಕ್ಕೆ ಅಂಟಿಕೊಂಡೇ ಬರುತ್ತದೆ. ಆ ನೀರಿಗೆ ಸೀಮೆಎಣ್ಣೆ ಬೆರೆಸಿದ ಒಂದು ಬಗೆಯ ಎಣ್ಣೆ ಸೇರಿಸಿ ಕಡೆಯಬೇಕು, ತಿಳಿಯಾಗಲು ಬಿಡಬೇಕು. ನಿಯೋಡಿಮಿಯಮ್ ಎಣ್ಣೆಯ ಕಡೆ ಕೂದಲೆಳೆಯಷ್ಟು ಹೆಚ್ಚು ವಾಲುತ್ತದೆ. ಅಷ್ಟೇ ವ್ಯತ್ಯಾಸ. ಅದಕ್ಕೇ ಒಂದಾದ ಮೇಲೊಂದು ಅರವತ್ತನಾಲ್ಕು ತೊಟ್ಟಿ. ಕೊನೆಗೆ ನಿಯೋಡಿಮಿಯಮ್ ಅನ್ನು ಎಣ್ಣೆಯಿಂದ ಮತ್ತೆ ನೀರಿಗಿಳಿಸುತ್ತಾರೆ; ಹಸಿರು ಒಡಹುಟ್ಟು ಬೆರೆಯದಿದ್ದರೆ ಆ ನೀರು ತಿಳಿ ನೇರಳೆ.

ತೊಟ್ಟಿಯಕ್ಕ ಪಾಳಿಗೆ ಮೂರು ಸುತ್ತು ಹಾಕುತ್ತಾರೆ. ನೂರ ತೊಂಬತ್ತೆರಡು ಸಲ ಬಗ್ಗಿ ಎಣ್ಣೆ, ನೀರಿನ ನಡುವಿನ ಗೆರೆ ನೋಡುತ್ತಾರೆ. ಗೆರೆ ಎರಡು ಬೆರಳು ಇಳಿದರೂ ನೀರಿನ ಹಿಂದೆಯೇ ಎಣ್ಣೆಯೂ ಹೊರಟುಬಿಡುತ್ತದೆ. ಸೊಂಟ ಹಿಡಿದುಕೊಂಡಿದೆ. ತಲೆಗೂದಲಿಗೆ ಸೀಮೆಎಣ್ಣೆ ವಾಸನೆ ಹತ್ತಿದೆ. "ನಾನ್ ಬಂದಿದ್ದು ಬಾಗಿಲು ತಟ್ಟೋಕೆ ಮುಂಚೆ ಮನೇಲಿ ಗೊತ್ತಾಗುತ್ತೆ," ಎಂದು ನಗುತ್ತಾರೆ. ಈ ಕೆಲಸವನ್ನು ಕಡತದಲ್ಲಿ 'ಮೇಲುನೋಟ' ಎಂದು ಬರೆದಿದ್ದಾರೆ. ಬರೆದ ಪುಣ್ಯಾತ್ಮ ಒಂದೇ ಒಂದು ಸುತ್ತು ಬಗ್ಗಿ ನೋಡಲಿ.

ಇವತ್ತು ಕೊನೆಯ ತೊಟ್ಟಿಯಲ್ಲಿರುವುದು ಹದಿನೆಂಟು ದಿನದ ದುಡಿಮೆ. ವಾಪಸ್ ಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಲ್ಯಾಬಿನ ಯಂತ್ರ ಕೆಟ್ಟು ವಾರವಾಗಿದೆ, ಕಣ್ಣನ್ನೇ ನಂಬಬೇಕು. ನಿನ್ನೆ ಹಳೆಯ ಹಳದಿ ಬಲ್ಬುಗಳನ್ನು ಕಿತ್ತು ಟ್ಯೂಬ್‌ಲೈಟ್ ಹಾಕಿದ್ದಾರೆ. ಎಂಜಿನಿಯರ್ ಕೆಲಸಕ್ಕೆ ಸೇರಿ ಆರು ವಾರ.

ಇಲ್ಲೇ ಪಂಪು ನೋಡಿಕೊಳ್ಳುವ ತೊಟ್ಟಿಯಕ್ಕನ ನಾದಿನಿ ಬಾಯಿ ಹಾಕುತ್ತಾಳೆ: "ಅತ್ತಿಗೆ ಬಟ್ಟೆ ಅಂಗಡೀಲಿ ಬಣ್ಣ ಆರಿಸೋಕೆ ಅರ್ಧ ದಿನ ತಗೋತಾರೆ ಸಾರ್. ಇಲ್ಲಿ ಇಪ್ಪತ್ತೇ ನಿಮಿಷ ಕೇಳ್ತಿದಾರೆ, ಕೊಟ್ಬಿಡಿ."

"ನೀನು ಪಂಪ್ ನೋಡ್ಕೊಳ್ಳೇ."

ಎಂಜಿನಿಯರನ್ನು ಹಂಗಿಸುವ ಮನಸ್ಸು ತೊಟ್ಟಿಯಕ್ಕನಿಗಿಲ್ಲ. "ಮೊದಲನೇ ವರ್ಷ ನಾನೂ ಆಫೀಸಿನ ಟ್ಯೂಬ್‌ಲೈಟಲ್ಲಿ ನೋಡಿ ಹಸಿರು ಸೇರಿದೆ ಅಂತ ಕೂಗಿದ್ದೆ. ನಾಲ್ಕು ದಿನದ ಮಾಲು ವಾಪಸ್ ಹೋಯ್ತು. ಮೇಸ್ತ್ರಿ ಬೈಲಿಲ್ಲ. ಮಾರನೇ ದಿನ ಅದೇ ಬಾಟಲಿ ಬಿಸಿಲಿಗೆ ಹಿಡಿದು ತೋರಿಸಿದ್ರು. ಬೈದಿದ್ರೆ ಮರ್ತುಬಿಡ್ತಿದ್ದೆ."

ಕಾಂಪೌಂಡ್ ಗೋಡೆ ದಾಟಿ ಬಿಸಿಲು ಅಂಗಳಕ್ಕೆ ಬೀಳುತ್ತದೆ. ತೊಟ್ಟಿಯಕ್ಕ ಹೊರಗೆ ನಡೆದು ಬಾಟಲಿ ಎತ್ತುತ್ತಾರೆ. ಹಸಿರಿನ ಸುಳಿವಿಲ್ಲ. ತಿಳಿ ನೇರಳೆ. ಎಂಜಿನಿಯರ್ ಅದನ್ನು ಕಸಿದುಕೊಂಡು ಒಳಗೊಮ್ಮೆ, ಹೊರಗೊಮ್ಮೆ ಓಡಾಡುತ್ತಾರೆ. ಒಳಗೆ ಹಸಿರು, ಹೊರಗೆ ನೇರಳೆ.

"ಬೆಳಕು ಬದಲಾದ್ರೆ ಇದರ ಬಣ್ಣಾನೂ ಬದಲಾಗುತ್ತೆ ಅಂತ ಓದಿದ್ದೆ ಅಕ್ಕ. ಪರೀಕ್ಷೆಗೂ ಬಂದಿತ್ತು," ಎನ್ನುತ್ತಾರೆ ಮೆಲ್ಲಗೆ. ವಾಪಸ್ ಬಿಡುವ ಮಾತು ಅಲ್ಲಿಗೇ ನಿಲ್ಲುತ್ತದೆ.

ಹೊರಗಿನ ಲ್ಯಾಬಿಗೆ ಕಳಿಸಿದ ಮಾದರಿಯ ವರದಿ ಮೂರನೇ ದಿನ ಬರುತ್ತದೆ: ಬೆರಕೆ ಇಲ್ಲ. ಎಂಜಿನಿಯರ್ ಪಾಳಿ ಪುಸ್ತಕ ತೆರೆಯುತ್ತಾರೆ. ಇಪ್ಪತ್ತಮೂರು ವರ್ಷದಲ್ಲಿ ಅದರೊಳಗೆ ತೊಟ್ಟಿಯಕ್ಕನ ಹೆಸರು ಒಮ್ಮೆಯೂ ಬಂದಿಲ್ಲ. ಈಗ ಬರೆಯುತ್ತೇನೆ ಎನ್ನುತ್ತಾರೆ.

"ಹೆಸರು ಆಮೇಲೆ ಬರೀರಿ ಸಾರ್," ಎನ್ನುತ್ತಾರೆ ತೊಟ್ಟಿಯಕ್ಕ. "ಮೊದ್ಲು, ಬಿಸಿಲಲ್ಲಿ ನೋಡ್ದೆ ವಾಪಸ್ ಬಿಡಬಾರದು ಅಂತ ಬರೀರಿ. ನಾನ್ ರಜೆ ಹಾಕಿದ ದಿನ ಬೇಕಾಗುತ್ತೆ."