ಚಹಾದ ಮೇಲೆ ಸಾಸರು

ಮೊನ್ನೆ ಬೆಳಿಗ್ಗೆ ಮೊಮ್ಮಗಳು ನನ್ನನ್ನು ಹಿಡಿದುಹಾಕಿದಳು. ವಿಕ್ರೋಳಿಯ ನಮ್ಮ ಫ್ಲ್ಯಾಟಿನಲ್ಲಿ ಡೈನಿಂಗ್ ಟೇಬಲ್ಲಿಗೆ ಕೂತು, ಚಹಾ ಮುಂದಿಟ್ಟುಕೊಂಡು ಪೇಪರ್ ಬಿಡಿಸುತ್ತಿದ್ದೆ. ಕಪ್ಪಿನ ಬಾಯಿಗೆ ಸಾಸರನ್ನು ಕವುಚಿ ಹಾಕಿದ್ದೆ, ಯಾವತ್ತಿನಂತೆ.

"ಅಜ್ಜಿ, ಇಲ್ಲಿ ಒಂದು ಮಕ್ಖಿ ಕೂಡ ಇಲ್ಲ. ಎವ್ರಿ ಡೇ ಯಾಕೆ ಮುಚ್ತೀ?"

"ಬಿಸಿ ಆರಬಾರದಲ್ಲ."

"ಆದ್ರೆ ನೀನು ಕುಡಿಯೋದೇ ಠಂಡಾ ಆದ್ಮೇಲೆ."

ಲಾಯರ್ ಆಗಲು ಓದುತ್ತಿರುವ ಹುಡುಗಿ. ಅವಳೆದುರು ನಾನು ಯಾವ ಕೇಸನ್ನೂ ಗೆದ್ದಿಲ್ಲ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಕೂತಿತು. ಓದುಗರೇ, ನಿಮ್ಮ ಕೈಗಳೂ ಹೀಗೆ ನಿಮ್ಮನ್ನು ಕೇಳದೆ ಏನಾದರೂ ಮಾಡುತ್ತಿರಬಹುದು. ನನ್ನ ಕೈ ಈ ಸಾಸರನ್ನು ಕಲಿತದ್ದು ಫೋರ್ಟ್ ಪೇಟೆಯಲ್ಲಿ, ಒಂದು ಹಳೆಯ ಕಟ್ಟಡದಲ್ಲಿ. ಆ ಕಟ್ಟಡವನ್ನು ಈಗ ಸರ್ಕಾರ ಕಾಪಾಡುತ್ತಿದೆ. ಕಾಪಾಡುವುದೆಂದರೆ ಏನು ಎಂಬುದೇ ನನಗೆ ಕಳೆದ ವರ್ಷದಿಂದ ಗೊಂದಲವಾಗಿರುವ ವಿಷಯ.

ಕೆಳಗೆ ಉಡುಪಿ ಹೋಟೆಲು, ಅದರ ಮೇಲೆ ದೊಡ್ಡ ಹಾಲ್, ಅದರ ಮೇಲೆ ಹಿಂಬದಿಗೆ ನಮ್ಮ ಎರಡು ಕೋಣೆ. ಅಪ್ಪ ಹೋಟೆಲಿನ ಮ್ಯಾನೇಜರ್. ಹೋಟೆಲಿನ ಸಪ್ಲೈಯರುಗಳು, ಅಡುಗೆಯವರು ರಾತ್ರಿ ಮಲಗುತ್ತಿದ್ದುದು ಆ ಹಾಲಿನಲ್ಲೇ, ಸಾಲಾಗಿ ಚಾಪೆ ಹಾಸಿ. ಶನಿವಾರ ಮಧ್ಯಾಹ್ನ ಆಫೀಸುಗಳಿಗೆ ಅರ್ಧ ರಜೆ, ಊಟದ ಗಲಾಟೆ ಮುಗಿದ ಮೇಲೆ ಅವರು ಚಾಪೆ ಸುತ್ತಿಟ್ಟು ಯಕ್ಷಗಾನಕ್ಕೆ ಗೆಜ್ಜೆ ಕಟ್ಟುತ್ತಿದ್ದರು. ಬೆಳಿಗ್ಗೆ ಇಡ್ಲಿ ಹಂಚಿದವನು ಮಧ್ಯಾಹ್ನ ರಾವಣ. ನಾನು ಕಾನ್ವೆಂಟಿನಿಂದ ಬಂದು, ಸಿಸ್ಟರ್ ಕಲಿಸಿದ ಡ್ಯಾಫೊಡಿಲ್ ಪೊಯಮ್ಮನ್ನು ಬಾಯಿಪಾಠ ಮಾಡುತ್ತ ನೆಲದ ಮೇಲೆ ಕೂತರೆ, ಕೆಳಗಿನಿಂದ ಚೆಂಡೆಯ ಪೆಟ್ಟು ನೇರ ಬೆನ್ನುಮೂಳೆಗೆ ಬರುತ್ತಿತ್ತು. ಇಂದಿಗೂ ಡ್ಯಾಫೊಡಿಲ್ ಹೂವೆಂದರೆ ನನಗೆ ಚೆಂಡೆಯ ಜೊತೆಗೇ ನೆನಪಾಗುವುದು. ನಾನು ಆ ಹೂವನ್ನು ಕಣ್ಣಾರೆ ಕಂಡವಳೇ ಅಲ್ಲ ಎಂಬುದು ಬೇರೆ ಮಾತು.

ಹಾಲಿನದು ಮರದ ಹಲಗೆಯ ನೆಲ. ಅದರ ಅಡಿಗೆ, ಅಂದರೆ ಹೋಟೆಲಿನ ಸೀಲಿಂಗಿಗೆ, ಗಾರೆಯಲ್ಲಿ ಎತ್ತಿದ ಹೂಬಳ್ಳಿಗಳು. ಮೇಲೆ ಯಾರಾದರೂ ಗಾಳಿಯಲ್ಲಿ ಸುತ್ತಿ ಧೀಂಗಿಣ ಹಾಕಿ ನೆಲಕ್ಕೆ ಇಳಿದರೆ, ಕೆಳಗೆ ಬಳ್ಳಿಯಿಂದ ಬಿಳಿ ಪುಡಿ ಉದುರುತ್ತಿತ್ತು. ಅದಕ್ಕೆ ಶನಿವಾರ ಮಧ್ಯಾಹ್ನದ ಚಹಾವನ್ನು ನಮ್ಮ ಹೋಟೆಲಿನಲ್ಲಿ ಸಾಸರ್ ಮುಚ್ಚಿಯೇ ಕೊಡುವ ಪದ್ಧತಿ. ಹಳೆಯ ಗಿರಾಕಿಗಳು ಒಂದು ಗುಟುಕು ಹೀರಿ ತಾವೇ ಮತ್ತೆ ಮುಚ್ಚುತ್ತಿದ್ದರು. ಹೊಸಬರು ಮಾತ್ರ "ಯೇ ಉಲ್ಟಾ ಕ್ಯೂಂ ದಿಯಾ?" ಎಂದು ಕವುಚಿದ ಸಾಸರು ತೋರಿಸಿ ಕೇಳುವರು.

"ಸಾಬ್, ಊಪರ್ ರಾವಣ್ ನಾಚ್ ರಹಾ ಹೈ" ಎನ್ನುತ್ತಿದ್ದ ವಾಸಣ್ಣ, ಮೇಲೆ ರಾವಣ ಕುಣಿಯುವುದು ದಿನನಿತ್ಯದ ಸುದ್ದಿಯೆಂಬಂತೆ, ಮುಖದಲ್ಲಿ ನಗುವಿಲ್ಲದೆ.

ವಾಸಣ್ಣ ಆಗ ಉಡುಪಿ ಕಡೆಯ ಹಳ್ಳಿಯಿಂದ ಬಂದು ಸಪ್ಲೈಯರ್ ಆಗಿ ಸೇರಿದ್ದ. ಕುಣಿತ ಬರಲಿಲ್ಲ, ಕಂಠ ಬಂತು, ಮೇಳದ ಭಾಗವತನಾದ. ಈಗ ಎಂಬತ್ತು ದಾಟಿದೆ. ಹೋಟೆಲಿನ ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಶನಿವಾರ ಬಿಡಲಿಲ್ಲ. ಆಂಟಾಪ್ ಹಿಲ್ಲಿನಿಂದ, ಇನ್ನೆಲ್ಲೆಲ್ಲಿಂದಲೋ ಹುಡುಗರು ಲೋಕಲ್ ಹಿಡಿದು ಬಂದು ಅದೇ ಹಾಲಿನಲ್ಲಿ ಅವನ ಎದುರು ಹೆಜ್ಜೆ ಹಾಕುತ್ತಿದ್ದರು. ಕನ್ನಡ ಅರ್ಧಂಬರ್ಧ ಬರುವ ಮಕ್ಕಳು. ಪದ್ಯದ ಅರ್ಥವನ್ನು ವಾಸಣ್ಣ ಹಿಂದಿಯಲ್ಲಿ ಹೇಳಿಕೊಡುತ್ತಿದ್ದ. ನಾನು ಮದುವೆಯಾಗಿ ಉಪನಗರಕ್ಕೆ ಬಂದವಳು ಆಗೊಮ್ಮೆ ಈಗೊಮ್ಮೆ ಹೋಗಿ ಕೂತು ಬರುತ್ತಿದ್ದೆ.

ಅಷ್ಟರಲ್ಲಿ ಕಟ್ಟಡ ಹೆರಿಟೇಜ್ ಲಿಸ್ಟಿಗೆ ಸೇರಿತು. ನನಗೆ ಸಂತೋಷವೇ ಆಯಿತು. ನಾನು ಹುಟ್ಟಿದ ಮನೆಗೆ ಸರ್ಟಿಫಿಕೇಟ್ ಸಿಕ್ಕಂತೆ. ರಿಪೇರಿಗೆಂದು ಹಾಲಿಗೆ ಬೀಗ ಬಿತ್ತು. ಒಂದು ದಿನ ವಾಸಣ್ಣನ ಫೋನು.

"ಬೇಬಿ, ನೀನೊಮ್ಮೆ ಬರ್ಬೇಕು ಮಾರಾಯ್ತಿ. ಇಂಗ್ಲಿಷಿನಲ್ಲಿ ಮಾತಾಡ್ಲಿಕ್ಕೆ ಉಂಟು."

ಮನೆಯಲ್ಲಿ ನನ್ನನ್ನು ಕರೆಯುತ್ತಿದ್ದುದು ಬೇಬಿ ಎಂದು. ಹಾಗೆ ಕರೆಯುವವರಲ್ಲಿ ಉಳಿದಿರುವವನು ಅವನೊಬ್ಬನೇ.

"ಎಂತ ವಿಷಯ, ವಾಸಣ್ಣ?"

"ವಿಷಯ ನಂಗೂ ಅರ್ಥ ಆಗ್ಲಿಲ್ಲ. ಒಂದು ಆಫೀಸಿನವರು ಹೇಳ್ತಾರೆ, ಹಳೇ ಕಲೆ, ಸಹಾಯ ಕೊಡ್ತೇವೆ, ನಿಮ್ಮ ಪಾರಂಪರಿಕ ಜಾಗದಲ್ಲೇ ಕುಣೀರಿ ಅಂತ. ಇನ್ನೊಂದು ಆಫೀಸಿನವರು ಹೇಳ್ತಾರೆ, ಹಳೇ ಜಾಗ, ಅಲ್ಲಿ ಕುಣೀಬೇಡಿ ಅಂತ. ಇಬ್ರೂ ಸರ್ಕಾರವೇ. ನಮ್ಮ ರಂಗಸ್ಥಳವನ್ನು ಕೀಳ್ತಾರಂತೆ."

ರಂಗಸ್ಥಳವೆಂದರೆ ಹಾಲಿನ ನಡುವೆ ಇದ್ದ ಗಿಡ್ಡ ಅಟ್ಟಣೆ. ಕಟ್ಟಡವನ್ನು ಮೂಲ ಸ್ಥಿತಿಗೆ ತರಬೇಕು, ಆಮೇಲೆ ಸೇರಿಸಿದ್ದನ್ನೆಲ್ಲ ತೆಗೆಯಬೇಕು ಎಂದು ನಿಯಮ. ಅಟ್ಟಣೆ ಹೋದರೆ ಬರಿಯ ನೆಲದ ಮೇಲೆ ಕುಣಿಯಲು ಬಿಡುವುದಿಲ್ಲ. ಬೇರೆ ಜಾಗ ಹಿಡಿಯುವ ಶಕ್ತಿ ಮೇಳಕ್ಕಿಲ್ಲ. ಅಂದರೆ ವಾಸಣ್ಣನ ಶನಿವಾರಗಳು ಮುಗಿದಂತೆ.

ಹೋದೆ. ಮೆಟ್ಟಿಲು ಹತ್ತುವಾಗ ವಾಸಣ್ಣ ಕಿವಿಯ ಹತ್ತಿರ ಬಂದ. "ಅಟ್ಟಣೆ ಬ್ರಿಟಿಷರ ಕಾಲದ್ದು ಅಂತ ಹೇಳಿಬಿಡು. ಇಂಗ್ಲಿಷಿನಲ್ಲಿ ಹೇಳಿದ್ರೆ ನಂಬ್ತಾರೆ."

"ನಾನು ಸುಳ್ಳು ಹೇಳಿದ್ರೆ ಕಿವಿ ಕೆಂಪಾಗ್ತದೆ, ನಿಂಗೊತ್ತುಂಟಲ್ಲ."

"ಸೆರಗು ಹೊದ್ಕೋ."

ಮೇಲೆ ಹೆರಿಟೇಜ್ ಕಮಿಟಿಯ ಪರವಾಗಿ ಬಂದಿದ್ದವಳು ಒಬ್ಬ ಮರಾಠಿ ಹುಡುಗಿ, ಆರ್ಕಿಟೆಕ್ಟ್. ಬಹಳ ಮರ್ಯಾದೆಯ ಹುಡುಗಿ. ನನಗೆ ಕುರ್ಚಿಯನ್ನು ತಾನೇ ತಂದು ಹಾಕಿದಳು. ಕೆಳಗಿನ ಸೀಲಿಂಗಿನ ಬಳ್ಳಿಗಳ ಬಗ್ಗೆ ಮಾತಾಡುವಾಗ ಅವಳ ಕಣ್ಣು ತುಂಬಿಬರುತ್ತಿತ್ತು. ಇಡೀ ಬೀದಿಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಉಳಿದ ಸೀಲಿಂಗ್ ಇನ್ನೊಂದಿಲ್ಲವಂತೆ. ಇವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ ಎಂದು ನನಗೆ ತೋಚಲಿಲ್ಲ. ಆ ಬಳ್ಳಿಗಳನ್ನು ನೋಡುತ್ತಲೇ ದೋಸೆ ತಿಂದು ಬೆಳೆದವಳು ನಾನು.

"ಆಂಟಿ, ದಿಸ್ ಪ್ಲ್ಯಾಟ್‌ಫಾರ್ಮ್ ಒರಿಜಿನಲ್ ಅಲ್ಲ ತಾನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ವಾಸಣ್ಣ ಕಿಟಕಿಯ ಕಡೆ ನೋಡಿದ. ನಾನು ಸೆರಗು ಹೊದ್ದುಕೊಳ್ಳಲಿಲ್ಲ. ಒರಿಜಿನಲ್ ಅಲ್ಲ, ಅದನ್ನು ಕಟ್ಟಿದ ದಿನ ನಾನಿಲ್ಲೇ ಇದ್ದೆ ಎಂದೆ. ಹಾಗೆಂದ ಮೇಲೆ ಉಳಿದದ್ದನ್ನೂ ಹೇಳಲೇಬೇಕಲ್ಲ. ಒಂದು ಶನಿವಾರ ಗಾರೆಯ ಹೂವೊಂದು ಇಡಿಯಾಗಿ ಕಳಚಿ ಬ್ಯಾಂಕಿನ ಸಾಹೇಬರೊಬ್ಬರ ಸಾಂಬಾರಿಗೆ ಬಿದ್ದದ್ದು. ಇನ್ನು ಹೋಟೆಲೋ ಕುಣಿತವೋ, ಎರಡರಲ್ಲಿ ಒಂದೇ ಎಂದು ಮಾಲೀಕರು ಗುಡುಗಿದ್ದು. ಅಡುಗೆಯವರು ಸೇರಿ ನೆಲಕ್ಕೆ ತೆಂಗಿನ ನಾರಿನ ಚಾಪೆ, ಅದರ ಮೇಲೆ ನಾರು ತುಂಬಿದ ಗೋಣಿ, ಅದರ ಮೇಲೆ ಬಂದರಿನಿಂದ ತಂದ ಪೆಟ್ಟಿಗೆಯ ಹಲಗೆ ಜೋಡಿಸಿ, ಹೆಜ್ಜೆಯ ಪೆಟ್ಟು ಸೀಲಿಂಗಿಗೆ ತಾಗದಂತೆ ಮಾಡಿದ್ದು. ಆಮೇಲೆ ಬಿದ್ದದ್ದು ಬರೇ ಪುಡಿ. ಅದಕ್ಕೆ ಸಾಸರ್ ಇತ್ತು.

"ಒರಿಜಿನಲ್ ಉಳಿಯಲಿ ಎಂದೇ ಇದನ್ನು ಹಾಕಿದ್ದು, ಮೈ ಡಿಯರ್" ಎಂದೆ, ಸಿಸ್ಟರುಗಳು ಕೇಳಿದ್ದರೆ ಬೆನ್ನು ತಟ್ಟುವಂಥ ಇಂಗ್ಲಿಷಿನಲ್ಲಿ.

ಹುಡುಗಿ ಮೊಣಕಾಲೂರಿ ಅಟ್ಟಣೆಯ ಅಡಿಗೆ ಟಾರ್ಚ್ ಬಿಟ್ಟು ಎಷ್ಟೋ ಹೊತ್ತು ನೋಡಿದಳು. ಎದ್ದಾಗ ಅವಳ ಮುಖ ಬೆಳಗಿತ್ತು. ಕೆಲವು ತಿಂಗಳ ಮೇಲೆ ಸುದ್ದಿ ಬಂತು: ಅಟ್ಟಣೆಯನ್ನು ಕೀಳುವುದಿಲ್ಲ, ಕಟ್ಟಡದ ಜೊತೆ ಅದನ್ನೂ ಕಾಪಾಡುತ್ತಾರೆ. ವಾಸಣ್ಣ ಫೋನಿನಲ್ಲಿ ಹೇಳಿದ, "ನಿನ್ನ ಕಾನ್ವೆಂಟಿಗೆ ಕೊಟ್ಟ ಫೀಸು ಇವತ್ತು ವಸೂಲಾಯ್ತು ನೋಡು." ನಾನು ಒಂದು ವಾರ ಹಿಗ್ಗಿ ತಿರುಗಿದೆ.

ಹೋದ ಶನಿವಾರ ಹಾಲ್ ತೆರೆಯಿತು. ನಾನೂ ವಾಸಣ್ಣನೂ ಹೋದೆವು. ಎಷ್ಟು ಚಂದ ಮಾಡಿದ್ದಾರೆಂದರೆ ನನಗೆ ನನ್ನ ಕಟ್ಟಡದ ಗುರುತೇ ಸಿಗಲಿಲ್ಲ. ನಡುವೆ ಅಟ್ಟಣೆ, ಪಾಲಿಶ್ ಮಾಡಿ ಹೊಳೆಯುತ್ತಿದೆ. ಅದರ ಸುತ್ತ ಹಿತ್ತಾಳೆಯ ಗೂಟ, ಕೆಂಪು ಹಗ್ಗ. ಒಂದು ಬೋರ್ಡು, ಮರಾಠಿಯಲ್ಲಿ ಮತ್ತು ಇಂಗ್ಲಿಷಿನಲ್ಲಿ. ವಾಸಣ್ಣ ಮರಾಠಿಯನ್ನು ಓದಿ ನನ್ನ ಕಡೆ ತಿರುಗಿದ.

"ಬೇಬಿ, ಇಂಗ್ಲಿಷಿನಲ್ಲಾದ್ರೂ ಬೇರೆ ಎಂತಾದ್ರೂ ಬರ್ದಿದ್ದಾರಾ ನೋಡು."

ನೋಡಿದೆ. ದಯವಿಟ್ಟು ಅಟ್ಟಣೆಯ ಮೇಲೆ ಹತ್ತಬೇಡಿ ಎಂದೇ ಇತ್ತು. ಅದರ ಕೆಳಗೆ ಅಡುಗೆಯವರ ಕತೆ, ಹೆಚ್ಚುಕಡಿಮೆ ನಾನು ಹೇಳಿದ ಮಾತುಗಳಲ್ಲೇ.

ಮೇಳಕ್ಕೆ ಅನ್ಯಾಯವಾಗಿಲ್ಲ, ಅದನ್ನೂ ಹೇಳಬೇಕು. ಪಾರಂಪರಿಕ ಜಾಗ ಈಗ ಮ್ಯೂಸಿಯಮ್ಮಾದ್ದರಿಂದ ವರ್ಷಕ್ಕೊಮ್ಮೆ ಏರ್‌ಕಂಡೀಷನ್ ಆಡಿಟೋರಿಯಮ್ಮಿನಲ್ಲಿ ಅರ್ಧ ಗಂಟೆಯ ಪ್ರದರ್ಶನಕ್ಕೆ ಕಲೆಯ ಆಫೀಸಿನವರು ಸಹಾಯ ಕೊಡುತ್ತಾರೆ. ವರ್ಷವಿಡೀ ಎಲ್ಲಿ ಅಭ್ಯಾಸ ಮಾಡುವುದೆಂದು ಯಾರೂ ಕೇಳಲಿಲ್ಲ.

ಕೆಳಗಿಳಿದು ಹೋಟೆಲಿನಲ್ಲಿ ಚಹಾ ತರಿಸಿದೆವು. ಇಬ್ಬರ ಕೈಗಳೂ ಒಟ್ಟಿಗೇ ಸಾಸರನ್ನು ಕಪ್ಪಿನ ಮೇಲೆ ಮುಚ್ಚಿದವು. ಶನಿವಾರ ಮಧ್ಯಾಹ್ನ. ಏನೂ ಬೀಳಲಿಲ್ಲ.

"ಕಟ್ಟಡ ಉಳೀತು. ರಂಗಸ್ಥಳ ಉಳೀತು. ದುಡ್ಡೂ ಕೊಡ್ತಾರೆ" ಎಂದ ವಾಸಣ್ಣ. "ಹಾಗಾದ್ರೆ ನಾವು ಕಳ್ಕೊಂಡದ್ದು ಎಂತ, ಬೇಬಿ? ಯಾರ ಹತ್ರ ಜಗಳಕ್ಕೆ ಹೋಗುದು?"

ನಿಜ ಹೇಳಿ ಗೆದ್ದೆನೋ, ಸುಳ್ಳು ಹೇಳಿದ್ದರೆ ಗೆಲ್ಲುತ್ತಿದ್ದೆನೋ, ಇಂದಿಗೂ ಗೊತ್ತಿಲ್ಲ.

ಇಷ್ಟನ್ನೂ ಮೊಮ್ಮಗಳಿಗೆ ಹೇಳಿದೆ. ಪೂರ್ತಿ ಕೇಳಿದಳು, ಮೊಬೈಲು ಮುಟ್ಟದೆ. ಆಮೇಲೆ ಎದ್ದು ನಮ್ಮ ಹಾಲಿನ ಉದ್ದಗಲ ನೋಡಿದಳು.

"ಅಜ್ಜಿ, ಡೈನಿಂಗ್ ಟೇಬಲ್ ಬಾಲ್ಕನಿಗೆ ಹಾಕಿದ್ರೆ ಇಲ್ಲಿ ಎಷ್ಟು ಜನ ಕುಣೀಬಹುದು?"

"ಸೊಸೈಟಿಯವರು ನಮ್ಮನ್ನು ಓಡಿಸ್ತಾರೆ."

"ನಮ್ಮ ಬಿಲ್ಡಿಂಗ್ ಹೆರಿಟೇಜ್ ಅಲ್ಲ ನಾ. ಇಲ್ಲಿ ಯಾರು ರೋಕ್ತಾರೆ?"

ಅವಳ ಲಾ ಸರಿಯೋ ತಪ್ಪೋ ನನಗೆ ತಿಳಿಯದು. ವಾಸಣ್ಣನಿಗೆ ಫೋನ್ ಮಾಡಿದೆ. ಅವನು "ವಿಕ್ರೋಳಿಯಲ್ಲಿ ಸ್ಲೋ ಟ್ರೈನ್ ಮಾತ್ರ ನಿಲ್ಲುದಲ್ವಾ?" ಎಂದು ಕೇಳಿದ.

ಇವತ್ತು ಶುಕ್ರವಾರ, ನಾಳೆ ಮೇಳ ಬರುತ್ತದೆ. ಟೇಬಲ್ ಬಾಲ್ಕನಿ ಸೇರಿದೆ. ನೆಲಕ್ಕೆ ಮನೆಯ ಹಾಸಿಗೆಗಳನ್ನೆಲ್ಲ ಹಾಸಬೇಕೆಂದು ಮೊಮ್ಮಗಳ ಅಪ್ಪಣೆ. ಕಾಂಕ್ರೀಟಿನ ಕಟ್ಟಡ, ಪುಡಿ ಉದುರುತ್ತದೋ ಇಲ್ಲವೋ, ಯಾರಿಗೆ ಗೊತ್ತು. ಹೇಳುವುದನ್ನು ಹೇಳಿಬಿಡಬೇಕು. ನಾನೀಗ ಕೆಳಗಿನ ಫ್ಲ್ಯಾಟಿನ ಬೆಲ್ ಒತ್ತಿ, ಕೈಯಲ್ಲಿ ಒಂದು ಸಾಸರ್ ಹಿಡಿದು, ಯಾವ ಭಾಷೆಯಲ್ಲಿ ಶುರು ಮಾಡಲಿ ಎಂದು ಯೋಚಿಸುತ್ತ ನಿಂತಿದ್ದೇನೆ.