ಗಿಡುಗ ಸಾಕಿದ ಮೆಹಬೂಬಿ ಆಂಟಿ

ಮೆಹಬೂಬಿ ಆಂಟಿಯ ಎಡಗೈ ನೇರವಾಗಿ ಇಳಿಬಿದ್ದದ್ದನ್ನು ನಾನು ನೋಡಿದ್ದೇ ಇಲ್ಲ. ಮೊಣಕೈ ಮಡಚಿ, ಮುಷ್ಟಿಯನ್ನು ಎದೆಯ ಮಟ್ಟಕ್ಕೆ ಹಿಡಿದು, ಅದರ ಮೇಲೆ ಯಾರೋ ಕುಳಿತಿದ್ದಾರೆ ಎಂಬಂತೆ ನಡೆಯುತ್ತಿದ್ದರು. ಡೆಟ್ರಾಯ್ಟ್ ಪಕ್ಕದ ಟ್ರಾಯ್‌ನ ಇಂಡಿಯನ್ ಅಂಗಡಿಯಲ್ಲಿ ಕೊತ್ತಂಬರಿ ಆರಿಸುವಾಗಲೂ ಹಾಗೇ, ಯಾರದೋ ಮದುವೆಯ ಆರತಕ್ಷತೆಯಲ್ಲಿ ನಿಂತಾಗಲೂ ಹಾಗೇ. ಪಾರ್ಶ್ವವಾಯು ಇರಬೇಕೆಂದು ತಿಳಿದು, ತಡೆಯಲಾರದೆ ಒಮ್ಮೆ ಕೇಳಿಯೂ ಬಿಟ್ಟೆ.

ಅವರು ನಕ್ಕರು. "ಲಕ್ವಾ ಅಲ್ಲಪಾ. ಇಪ್ಪತ್ತೆರಡು ವರ್ಷದಿಂದ ಈ ಕೈ ಮ್ಯಾಲೆ ಗಿಡುಗ ಕುಂತೈತಿ. ಕೈ ಹಂಗ ಕಲ್ತುಬಿಟ್ಟೈತಿ."

ಗದಗಿನವರು. ಡೆಟ್ರಾಯ್ಟ್ ಕಡೆಯ ಆಸ್ಪತ್ರೆಯೊಂದರ ಡಯಾಲಿಸಿಸ್ ವಿಭಾಗದಲ್ಲಿ ನರ್ಸ್ ಆಗಿದ್ದವರು. ನನಗೆ ಪರಿಚಯವಾದಾಗ ಅರವತ್ತು ದಾಟಿತ್ತು, ನಿವೃತ್ತರಾಗಿ ಒಬ್ಬರೇ ಇದ್ದರು. ಗಂಡ ಎಂದೋ ತೀರಿಹೋಗಿದ್ದರು. ಒಬ್ಬನೇ ಮಗ ಇಮ್ರಾನ್ ಶಿಕಾಗೋ ಪಕ್ಕದ ಸ್ಕೋಕಿಯಲ್ಲಿದ್ದ. ಗಿಡುಗವನ್ನು ಪಳಗಿಸಿ ಅದರೊಂದಿಗೆ ಮೊಲದ ಬೇಟೆಗೆ ಹೋಗುವ ವಿದ್ಯೆ ಅವರಿಗೆ ಹತ್ತಿದ್ದು ಒಬ್ಬ ರೋಗಿಯಿಂದ. ವಾರಕ್ಕೆ ಮೂರು ಸಲ ರಕ್ತ ಶುದ್ಧಿಗೆ ಬರುತ್ತಿದ್ದ ಆ ಅಮೆರಿಕನ್ ಮುದುಕ, ಸೂಜಿ ಚುಚ್ಚುವಾಗ ತನ್ನ ಬಗ್ಗೆ ಏನೂ ಹೇಳದೆ ಮನೆಯಲ್ಲಿ ಹಸಿದಿರುವ ಹಕ್ಕಿಯ ಬಗ್ಗೆಯೇ ಗೋಳಾಡುತ್ತಿದ್ದನಂತೆ. ಒಂದು ದಿನ ಡ್ಯೂಟಿ ಮುಗಿಸಿ, ಅವನ ಮನೆ ಹುಡುಕಿಕೊಂಡು ಹೋಗಿ ಅದಕ್ಕೆ ಮಾಂಸ ಹಾಕಿ ಬಂದರು. ಮರುದಿನವೂ ಹೋದರು. "ಆಮ್ಯಾಲೆ ನಿಲ್ಲಿಸಾಕ ಆಗಲಿಲ್ಲ," ಎನ್ನುತ್ತಿದ್ದರು.

ಅವರ ದಿನವೆಲ್ಲ ಹಕ್ಕಿಯದೇ. ಬೆಳಿಗ್ಗೆ ಎದ್ದೊಡನೆ ಅದನ್ನು ತಕ್ಕಡಿಯ ಮೇಲೆ ನಿಲ್ಲಿಸಿ ಗ್ರಾಂ ಲೆಕ್ಕದಲ್ಲಿ ತೂಗುವುದು. ತೂಕ ಹೆಚ್ಚಿದ್ದರೆ ಹಸಿವಿಲ್ಲದೆ ಹಾರಿಹೋಗುತ್ತದೆ, ಕಡಿಮೆಯಾದರೆ ಸಾಯುತ್ತದೆ. ಮಧ್ಯಾಹ್ನ ಗೋದಾಮುಗಳ ಹಿಂದಿನ ಬಯಲಿಗೆ ಡ್ರೈವ್ ಮಾಡಿ ಅದನ್ನು ಹಾರಿಬಿಡುವುದು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಿರಲಿ, ಹಿಮ ಮೊಣಕಾಲು ಮುಟ್ಟಲಿ, ತಪ್ಪುವಂತಿಲ್ಲ. ಹಕ್ಕಿಗೆ ಅವರು ಹೆಸರಿಟ್ಟಿರಲಿಲ್ಲ. ಯಾಕೆಂದು ಕೇಳಿದರೆ, "ಹೆಸರಿಟ್ರ ನಮ್ಮದು ಅನಸ್ತೈತಿ. ನಾಯಿ ಹಿಂದಿಂದ ಬರ್ತೈತಿ, ಇದು ಬರಂಗಿಲ್ಲ. ದಿನಾ ಬಿಡ್ತೀನಿ, ತಿರುಗಿ ಬರಬೇಕೋ ಬ್ಯಾಡೋ ಅಂತ ದಿನಾ ಹೊಸದಾಗಿ ವಿಚಾರ ಮಾಡ್ತೈತಿ," ಎಂದರು.

ಆ ವರ್ಷ ನನ್ನ ಸಂಸಾರ ಒಡೆದಿತ್ತು. ಹೆಂಡತಿ ಹತ್ತು ವರ್ಷದ ಮಗಳು ದಿಯಾಳನ್ನು ಕರೆದುಕೊಂಡು ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ಗೆ ಹೋಗಿದ್ದಳು. ಎರಡು ವಾರಕ್ಕೊಮ್ಮೆ ಶನಿವಾರ ಐದು ಗಂಟೆ ಡ್ರೈವ್ ಮಾಡಿ ಮಗಳನ್ನು ನೋಡಿ ಬರುತ್ತಿದ್ದೆ. ಉಳಿದ ದಿನ ಆಫೀಸಿನಿಂದ ಅಪಾರ್ಟ್‌ಮೆಂಟಿಗೆ ಬಂದರೆ ಫ್ರಿಜ್ಜಿನ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ. ಹಕ್ಕಿಯೊಂದಿದ್ದರೆ ಆ ಹೊತ್ತು ತುಂಬೀತು ಎನಿಸಿತು.

"ಆಂಟಿ, ನನಗೂ ಕಲಿಸಿಕೊಡಿ," ಎಂದೆ.

"ಯಾಕ?"

"ಸಂಜೆ ಟೈಮ್ ಹೋಗಲ್ಲ."

"ಟೈಮ್ ಕಳಿಯಾಕ ಟೀವಿ ನೋಡು. ಇದು ಟೈಮ್ ತಿಂತೈತಿ. ರವಿವಾರ ಅನ್ನೂದಿಲ್ಲ, ಜ್ವರಾ ಅನ್ನೂದಿಲ್ಲ."

ಆದರೂ ಒಂದು ಷರತ್ತು ಹಾಕಿದರು: ಒಂದು ತಿಂಗಳು ದಿನಾ ಸಂಜೆ ಬಂದು, ಹಕ್ಕಿಯನ್ನು ಮುಟ್ಟದೆ ಅದರೆದುರು ಕೂರಬೇಕು. ಕುಳಿತೆ. ಮೊದಲ ವಾರ ಅದು ನನ್ನನ್ನು ಕಂಡು ಗರಿ ಕೆದರುತ್ತಿತ್ತು. ಮೂರನೆಯ ವಾರ ಒಂದು ಕಾಲನ್ನು ಮಡಚಿ ಹೊಟ್ಟೆಯೊಳಗೆ ಎಳೆದುಕೊಂಡು ನಿಂತಿತು. "ನಿನ್ನ ಭಯ ಹೋತು ಅದಕ್ಕ," ಎಂದರು ಆಂಟಿ. ಬಹಳ ದಿನಗಳ ನಂತರ ನನ್ನ ಬಗ್ಗೆ ಯಾರೋ ಒಳ್ಳೆಯ ಮಾತಾಡಿದ ಹಾಗಾಯಿತು.

ಹೊಸಬರು ಅನುಭವಿಗಳ ಕೈಕೆಳಗೆ, ಅವರ ಸಹಿಯ ಮೇಲೆ, ಎರಡು ವರ್ಷ ಕಲಿಯಬೇಕೆಂಬುದು ಇಲ್ಲಿಯ ಕಾನೂನು. ಪರೀಕ್ಷೆಗೆ ಓದಿ ಪಾಸಾದೆ, ರಜೆಯ ದಿನ ಆಂಟಿಯೊಂದಿಗೆ ಬೇಟೆಗೂ ಹೋದೆ. ಅಪಾರ್ಟ್‌ಮೆಂಟಿನಲ್ಲಿ ಹಕ್ಕಿ ಇಡುವಂತಿಲ್ಲವಾದ್ದರಿಂದ ಅವರ ಹಿತ್ತಲಲ್ಲೇ ಮರದ ಗೂಡು ಕಟ್ಟಿದೆ. ಸರ್ಕಾರದವರು ಬಂದು ಅಳತೆ ನೋಡಿ ಒಪ್ಪಿ ಹೋದರು. ಇನ್ನು ಉಳಿದದ್ದು ಕಾಡಿನ ಎಳೆಯ ಗಿಡುಗವೊಂದನ್ನು ಹಿಡಿಯುವುದು. ಅದಕ್ಕೆ ಚಳಿಗಾಲದ ಮುಂಚಿನ ಕೆಲವು ವಾರಗಳೇ ಸರಿಯಾದ ಕಾಲ.

ಐದು ಸಲ ಹೋಗಿ ಬರಿಗೈಲಿ ಬಂದೆವು. ಆರನೆಯದು ಒಂದು ಶನಿವಾರ. ಹೊಲದ ನಡುವಿನ ರಸ್ತೆಯಲ್ಲಿ ನಿಧಾನ ಹೋಗುತ್ತಾ, ಕಂಬದ ಮೇಲೆ ಕುಳಿತ ಗಿಡುಗ ಕಂಡೊಡನೆ, ಒಳಗೆ ಇಲಿಯಿದ್ದು ಮೇಲೆಲ್ಲ ನೈಲಾನ್ ಕುಣಿಕೆಗಳಿದ್ದ ಪುಟ್ಟ ತಂತಿಪಂಜರವನ್ನು ಕಾರಿನ ಬಾಗಿಲಿಂದ ಹುಲ್ಲಿಗೆ ಇಳಿಬಿಟ್ಟೆವು. ಅದು ಎರಗಿತು, ಕಾಲು ಸಿಕ್ಕಿಕೊಂಡಿತು. ನಾನು ಓಡಿ ಟವೆಲ್ ಹೊದಿಸಿ ಎತ್ತಿಕೊಂಡೆ. ಎದೆಗವಚಿಕೊಂಡಾಗ ಅದರ ಗುಂಡಿಗೆ ನನ್ನ ಅಂಗೈಗೆ ಬಡಿಯುತ್ತಿತ್ತು. ಬಾಲ ಇನ್ನೂ ಕಂದು, ಕೆಂಪು ತಿರುಗಿರಲಿಲ್ಲ. ಆ ವರ್ಷವೇ ಹುಟ್ಟಿದ್ದು. ಆಂಟಿ ಅದರ ಕಣ್ಣು, ಪಾದ ಎಲ್ಲ ನೋಡಿ, "ಛಲೋ ಐತಿ," ಎಂದರು. ಆಮೇಲೆ ಏನೋ ನೆನಪಾದಂತೆ ತಲೆಯೆತ್ತಿದರು.

"ಹೋದ ಶನಿವಾರನೂ ಇಲ್ಲೇ ಇದ್ದಿ. ಈ ವಾರ ಶಿಕಾಗೋಕ್ಕ ಹೋಗೂದಲ್ಲಾ ನೀನು?"

"ಬರೋಕಾಗಲ್ಲ ಅಂತ ಮಗಳಿಗೆ ಹೇಳಿದೀನಿ ಆಂಟಿ. ಸೀಸನ್ ಮುಗಿದುಬಿಡುತ್ತೆ."

"ಮುಂದಿನ ಸಲ?"

"ಇದನ್ನ ಪಳಗಿಸಬೇಕಲ್ಲ. ಒಂದೆರಡು ತಿಂಗಳು ಕಷ್ಟ."

ಅವರು ನನ್ನ ಕೈಯ ಟವೆಲ್ಲಿನತ್ತ ಬೆರಳು ತೋರಿಸಿದರು. "ಬಿಡು ಅದನ್ನ," ಎಂದರು.

ತಮಾಷೆ ಎಂದುಕೊಂಡೆ. "ಬಿಡು ಅಂದೆ. ನಾ ಸಹಿ ಹಾಕದ ನಿನಗ ಹಕ್ಕಿ ಇಲ್ಲ." ಒಂದು ವರ್ಷ ಕಾದಿದ್ದೇನೆ ಎಂದು ಬೇಡಿಕೊಂಡೆ, ರೇಗಿದೆ, ನನ್ನ ಸಂಸಾರ ನಿಮಗ್ಯಾಕೆ ಎಂದೂ ಅಂದೆ. ಅವರು ಕಾರಿನಲ್ಲಿ ಹೋಗಿ ಕುಳಿತರು. ಕೊನೆಗೆ ಟವೆಲ್ ಸಡಿಲಿಸಿದೆ. ಗಿಡುಗ ತಗ್ಗಿನಲ್ಲೇ ಹಾರಿ, ಬೇಲಿ ದಾಟಿ, ಕಟಾವಾದ ಜೋಳದ ಹೊಲದಾಚೆ ಮರೆಯಾಯಿತು.

ಅವರನ್ನು ಮನೆಗೆ ಬಿಟ್ಟವನೇ ಸಿಟ್ಟಿನಲ್ಲಿ ನೇರ ವುಡ್‌ರಿಡ್ಜ್‌ಗೆ ಹೊರಟೆ. ಸಂಜೆಗೆ ತಲುಪಿದರೆ ದಿಯಾ ಮನೆಯಲ್ಲಿರಲಿಲ್ಲ. "ನೀವು ಬರಲ್ಲ ಅಂದ್ರಲ್ಲ, ಫ್ರೆಂಡ್ ಮನೆಗೆ ಹೋಗಿದಾಳೆ," ಎಂದಳು ಅವಳಮ್ಮ. ಮರುದಿನ ಬೆಳಿಗ್ಗೆ ಒಂದು ಗಂಟೆ ಹೊತ್ತು ಸಿಕ್ಕಳು. ಪ್ಯಾನ್‌ಕೇಕ್ ಕತ್ತರಿಸುತ್ತಾ, "ಇಟ್ಸ್ ಓಕೆ ಅಪ್ಪ, ಐ ಹ್ಯಾಡ್ ಅದರ್ ಪ್ಲಾನ್ಸ್," ಎಂದಳು. ನನ್ನ ಆಫೀಸಿನವರು ಮೀಟಿಂಗ್ ತಪ್ಪಿದಾಗ ಹೇಳುವ ದನಿಯಲ್ಲೇ ಹೇಳಿದಳು. ಹಾಗೆ ಹೇಳಲು ಅವಳು ಯಾವಾಗ ಕಲಿತಳೆಂದು ನನಗೆ ಗೊತ್ತಿರಲಿಲ್ಲ. ಅಲ್ಲಿಂದ ಮುಂದೆ ಒಂದು ಶನಿವಾರವನ್ನೂ ನಾನು ತಪ್ಪಿಸಲಿಲ್ಲ. ಆದರೂ ಆ ದನಿ ಹೋಗಲು ವರ್ಷ ಹಿಡಿಯಿತು.

ಆಂಟಿಯ ಮನೆ ಕಡೆ ಮಾತ್ರ ಹೋಗಲಿಲ್ಲ. ಮೊದಲು ಸಿಟ್ಟು, ಆಮೇಲೆ ನಾಚಿಕೆ. ಮರುವರ್ಷ ಬೇಸಿಗೆಯಲ್ಲಿ ಅಂಗಡಿಯಲ್ಲಿ ಯಾರೋ ಹೇಳಿದರು: ಆಂಟಿ ಹಿಂದಿನ ಚಳಿಗಾಲ ಹಿಮದಲ್ಲಿ ಜಾರಿ ಸೊಂಟ ಮುರಿದುಕೊಂಡು, ಹಕ್ಕಿಯನ್ನು ಕಾಡಿಗೆ ಬಿಟ್ಟು, ಮನೆ ಮಾರಿ ಮಗನಲ್ಲಿಗೆ ಹೋಗಿದ್ದಾರೆ. ಮುಂದಿನ ಶನಿವಾರ ದಿಯಾಳನ್ನು ಅವಳ ಡ್ಯಾನ್ಸ್ ಕ್ಲಾಸಿಗೆ ಬಿಟ್ಟು, ವಿಳಾಸ ಹುಡುಕಿಕೊಂಡು ಸ್ಕೋಕಿಗೆ ಹೋದೆ.

ಮೂರನೆಯ ಮಹಡಿಯ ಅಪಾರ್ಟ್‌ಮೆಂಟ್, ವಾಕರ್ ಪಕ್ಕದಲ್ಲಿಟ್ಟುಕೊಂಡು ಕಿಟಕಿಯ ಬಳಿ ಕುಳಿತಿದ್ದರು. ಬಹಳ ಇಳಿದಿದ್ದರು. ಬೈಯಲಿಲ್ಲ, ಮೊದಲು ಕೇಳಿದ್ದೇ ಮಗಳನ್ನು.

"ಮಗ ಹೇಗೆ ನೋಡ್ಕೋತಾನೆ ಆಂಟಿ?"

"ಭಾಳ ಛಲೋ. ಗುಳಿಗಿ, ಊಟ, ಡಾಕ್ಟರ್, ಎಲ್ಲಾ ಟೈಮಿಗೆ ಸರಿಯಾಗಿ. ಕೆಲಸದಿಂದ ಬರ್ತಾನ, 'ಊಟ ಆತೇನ ಅಮ್ಮಿ' ಅಂತಾನ, ತನ್ನ ರೂಮಿಗೆ ಹೋಗಿ ಬಾಗಲಾ ಹಾಕ್ಕೋತಾನ." ವಾಕರನ್ನು ಹತ್ತಿರ ಎಳೆದುಕೊಂಡರು. "ಅಂವಗ ಹನ್ನೊಂದು ವರ್ಷ ಇದ್ದಾಗ ನಾನೂ ಹಿಂಗ ಮಾಡ್ತಿದ್ದೆ. ಡ್ಯೂಟಿಯಿಂದ ಬಂದು, 'ಊಟ ಆತೇನ' ಅಂತ ಕೇಳಿ, ಹಕ್ಕಿ ತಗೊಂಡು ಹೊಲಕ್ಕ ಹೋಗ್ತಿದ್ದೆ. ಗಂಡ ಸತ್ತ ದುಃಖಾ ನನಗ ಹೊಲದಾಗ ಕಡಿಮಿ ಆಗತಿತ್ತು. ಅಪ್ಪ ಸತ್ತದ್ದು ಅಂವಗೂ ಹೌದಲ್ಲಾ. ಅದು ಹೊಳೀಲೇ ಇಲ್ಲ ನನಗ."

ಅವರ ಪಾದದ ಬಳಿ ನೆಲದ ಮೇಲೆ ಕುಳಿತೆ. ದಿಯಾಳ ಕ್ಲಾಸ್ ಮುಗಿಯುವ ಹೊತ್ತಾಯಿತೆಂದು ಎಬ್ಬಿಸಿ ಕಳಿಸಿದವರೂ ಅವರೇ.

ಆ ಚಳಿಗಾಲದಲ್ಲಿ ಇಮ್ರಾನ್ ಫೋನ್ ಮಾಡಿದ. ಅಮ್ಮ ನಿದ್ದೆಯಲ್ಲೇ ಹೋದರೆಂದ. "ಅಮ್ಮಿನ್ನ ಗೊತ್ತಿರೋರು ಯಾರ್ಯಾರು ಅಂತ ನನಗ ಗೊತ್ತಿಲ್ಲ. ನಿಮ್ಮ ನಂಬರ್ ಅಷ್ಟೇ ಸಿಕ್ತು." ಮಣ್ಣು ಮಾಡುವಾಗ ನಾವು ಎಂಟು ಜನರಿದ್ದೆವು, ಅವರಲ್ಲಿ ಹೆಚ್ಚಿನವರು ಮಸೀದಿಯಿಂದ ಪ್ರಾರ್ಥನೆಗೆಂದು ಬಂದವರು. ಎಲ್ಲರೂ ಹೋದ ಮೇಲೆ ಇಮ್ರಾನ್ ನನ್ನನ್ನು ತನ್ನ ಕಾರಿನೊಳಗೆ ಕರೆದು ಹೀಟರ್ ಹಾಕಿದ.

"ಹೊಲದಾಗ ಅಮ್ಮಿ ಹೆಂಗಿರ್ತಿದ್ರು?" ಎಂದ. "ಒಂದಿನಾನೂ ನಾ ಹೋಗಿಲ್ಲ. ಅವರು ಕರೀಲಿಲ್ಲ, ನಾ ಕೇಳಲಿಲ್ಲ. ನೀವು ನೋಡಿದೀರಲ್ಲ, ಹೇಳ್ರಿ."

ಮೊಲವೊಂದು ಎದ್ದಾಗ ಅವರು ಗದಗಿನ ಹುಡುಗಿಯಂತೆ ಕೇಕೆ ಹಾಕುತ್ತಿದ್ದುದನ್ನು ಹೇಳಿದೆ. ಹಿಮದಲ್ಲಿ ಬಿದ್ದು, ಬಿದ್ದಲ್ಲೇ ಕುಳಿತು ನಗುತ್ತಿದ್ದುದನ್ನು ಹೇಳಿದೆ. ಅವನು ಸ್ಟಿಯರಿಂಗ್ ಹಿಡಿದು ಎದುರಿನ ಗಾಜನ್ನೇ ನೋಡುತ್ತಿದ್ದ. ನಾನು ಅವನ ಮುಖ ನೋಡದೆ, ನೆನಪಾದದ್ದನ್ನೆಲ್ಲ ಹೇಳುತ್ತಾ ಹೋದೆ.