ಸಹಿಯ ಹಿಂದಿನ ಕೈ

ನನ್ನ ಸಂಗ್ರಹದಲ್ಲಿ ನಾಡಿನ ದೊಡ್ಡವರ ಕೈಬರಹದ ಕಾಗದಗಳು ನಲವತ್ತಕ್ಕಿಂತ ಹೆಚ್ಚಿಲ್ಲ. ಅವುಗಳಲ್ಲಿ ನನಗೆ ಹೆಚ್ಚು ಹೆಮ್ಮೆಯಿದ್ದದ್ದು ಒಂದೇ ಒಂದು ಪತ್ರದ ಬಗ್ಗೆ. ನಾನು ಶಿಡ್ಲಘಟ್ಟದ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ ಅಲ್ಲಿನ ರದ್ದಿ ಅಂಗಡಿಯ ಸಾಹೇಬರು ಅದನ್ನು ನನಗಾಗಿ ಎತ್ತಿಟ್ಟಿದ್ದರು.

"ಮೇಡಂ, ಇದ್ರಲ್ಲಿ ಯಾರೋ ದೊಡ್ಡೋರ ಸೈನ್ ಐತೆ, ನೋಡಿ" ಎಂದು ಕೊಟ್ಟರು.

ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆಮನೆ ಕಂಡು, ಮುಂದೆ ನಾಡನ್ನು ನಡೆಸಿದ ನಾಯಕರೊಬ್ಬರ ಪತ್ರವದು. ಹೆಣ್ಣುಮಕ್ಕಳ ಶಾಲೆಗೆಂದು ಮನೆಯ ಪಡಸಾಲೆ ಬಿಟ್ಟುಕೊಟ್ಟ ಮೇಲೂರಿನ ರೈತರೊಬ್ಬರಿಗೆ ಬರೆದ ವಂದನೆ. ಹಳೆಯ ಪುಸ್ತಕದಲ್ಲಿ ಅಚ್ಚಾಗಿದ್ದ ಅವರ ಸಹಿಯ ಪಕ್ಕದಲ್ಲಿಟ್ಟು ನೋಡಿದೆ. ಸರಿಹೊಂದಿತು.

ಹೋದ ವರ್ಷ ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ನನ್ನ ಸಂಗ್ರಹದ ಪ್ರದರ್ಶನ ಏರ್ಪಡಿಸಿದ್ದರು. ಸೊಸೆಯ ಜೊತೆ ಬಂದಿದ್ದ ವೃದ್ಧೆಯೊಬ್ಬರು ಈ ಪತ್ರದ ಮುಂದೆ ನಿಂತವರು ಕದಲಲೇ ಇಲ್ಲ. ಹತ್ತಿರ ಹೋದೆ.

"ಇದು ನಮ್ಮಪ್ಪನ ಅಕ್ಷರ ಕಣಮ್ಮ" ಎಂದರು.

"ಸಹಿ ನೋಡಿ ಅಮ್ಮ, ನಾಯಕರದೇ ಇದೆಯಲ್ಲ?"

"ಸೈನೂ ಅಪ್ಪಂದೇ. ನಂಬಿಕೆ ಇಲ್ದಿದ್ರೆ ನಗರಗೆರೆಗೆ ಬಾ, ತೋರಿಸ್ತೀನಿ."

ನಕ್ಕು, ಅವರ ಸೊಸೆಯ ಮೊಬೈಲ್ ನಂಬರ್ ಬರೆದುಕೊಂಡೆ. ಮನೆಗೆ ಬಂದ ಮೇಲೆ ಮಾತ್ರ ಸುಮ್ಮನಿರಲಾಗಲಿಲ್ಲ. ಮುಂದಿನ ಭಾನುವಾರ ಪತ್ರವನ್ನು ರಟ್ಟಿನ ನಡುವೆ ಭದ್ರ ಮಾಡಿಕೊಂಡು ಗೌರಿಬಿದನೂರಿನ ಬಸ್ಸು ಹತ್ತಿ, ಅಲ್ಲಿಂದ ನಗರಗೆರೆಗೆ ಹೋದೆ.

ಆಕೆ ಸೊಸೆಗೆ ತೆಲುಗಿನಲ್ಲಿ ಕಾಫಿ ಮಾಡಲು ಹೇಳಿ, ಪೆಟ್ಟಿಗೆಯಿಂದ ನೋಟುಪುಸ್ತಕವೊಂದನ್ನು ತೆಗೆದರು. ಅವರ ತಂದೆ ಆ ನಾಯಕರ ಕಚೇರಿಯಲ್ಲಿ ಗುಮಾಸ್ತರಾಗಿದ್ದರಂತೆ. ಕೊನೆಗಾಲದಲ್ಲಿ ನಗರಗೆರೆಗೆ, ಮಗಳ ಈ ಮನೆಗೇ ಬಂದಿದ್ದು, ಮೊಮ್ಮಕ್ಕಳು ಹುಟ್ಟಿದ ಗಳಿಗೆಗಳನ್ನು ಅದರಲ್ಲಿ ಬರೆದಿಟ್ಟಿದ್ದರು. 'ಳ'ದ ಬಾಲವನ್ನು ಎಡಕ್ಕೆ ಉದ್ದಕ್ಕೆ ಎಳೆಯುವ ರೀತಿ ಪತ್ರದಲ್ಲೂ ಹಾಗೇ ಇತ್ತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟಾಗ ಅನುಮಾನಕ್ಕೆ ಜಾಗ ಉಳಿಯಲಿಲ್ಲ.

"ಆ ದೊಡ್ಡೋರಿಗೆ ಬಲಗೈ ನಡುಗೋದು. ಅವರು ಹೇಳೋರು, ಅಪ್ಪ ಬರೆಯೋರು. ಓದಿ ಹೇಳಿದ್ಮೇಲೆ, ಸೈನೂ ನೀನೇ ಹಾಕಪ್ಪ ಅನ್ನೋರಂತೆ. ಹಾಕಿ ಹಾಕಿ ಅಪ್ಪಂಗೆ ಅವರ ಸೈನ್ ಹಂಗೇ ಬರೋದು. ಅಪ್ಪ ತಾನಾಗಿ ಒಂದಕ್ಷರ ಸೇರಿಸಿದೋರಲ್ಲ."

ಇಷ್ಟು ವರ್ಷ ಮಕ್ಕಳಿಗೆಲ್ಲ ಇದನ್ನು ತೋರಿಸಿ, "ಆ ಕೈ ಮುಟ್ಟಿದ ಕಾಗದ" ಎಂದು ಹೇಳಿಕೊಂಡು ಬಂದಿದ್ದೆನಲ್ಲ! ಆಕೆ ಅಷ್ಟರಲ್ಲಿ, "ಕಣ್ಣು ಮಂಜು, ಅಕ್ಷರ ಗೊತ್ತಾಗುತ್ತೆ, ಓದಕ್ಕಾಗಲ್ಲ. ಏನು ಬರೆದವ್ರೆ ಓದಮ್ಮ" ಎಂದರು.

ಓದಿದೆ. ಪಡಸಾಲೆಯಲ್ಲಿ ಕಲಿಯುವ ಹುಡುಗಿಯರಿಗೆ ಚಳಿಯಾಗದಂತೆ ಚಾಪೆ ಹಾಸಿಸಬೇಕೆಂಬ ಸಾಲು ಬಂದಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಊರೋರಿಗೆಲ್ಲ ಅಪ್ಪ ಬರೆದುಕೊಟ್ಟವ್ರೆ. ಮದುವೆಯಾಗಿ ಹೋದ ನನಗೆ ಒಂದು ಕಾಗದ ಬರೀಲಿಲ್ಲ. ಕೈ ನೋಯ್ತದೆ ಅನ್ನೋರು."

ಪತ್ರವನ್ನು ಅವರ ಮಡಿಲಲ್ಲಿಟ್ಟು, ನೀವೇ ಇಟ್ಟುಕೊಳ್ಳಿ ಎಂದೆ. ಬೇಡವೆಂದರು. "ಇಲ್ಲಿದ್ರೆ ನಾನೊಬ್ಳೇ ನೋಡ್ತೀನಿ. ನಿನ್ನ ಹತ್ರ ಇದ್ರೆ ನಾಲ್ಕು ಜನ ನೋಡ್ತಾರೆ. ಅಪ್ಪನ ಹೆಸರು ಹಾಕು, ಸಾಕು."

ಬಸ್ಸಿನಲ್ಲಿ ಕೂತು ಉಳಿದ ಕಾಗದಗಳನ್ನು ನೆನೆದೆ. ಯಾವುದನ್ನು ಯಾರು ಬರೆದರೋ, ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಸಹಿ ಸಿಕ್ಕಿದರೆ ಸಾಕೆಂದುಕೊಂಡಿದ್ದೆ. ಶಿಡ್ಲಘಟ್ಟದ ಸಾಹೇಬರಿಗೆ ಹೇಳಿದಾಗ, "ಅಂದ್ರೆ ಡೂಪ್ಲಿಕೇಟಾ ಮೇಡಂ?" ಎಂದು ಪೆಚ್ಚಾದರು.

"ಇಲ್ಲ ಸಾಹೇಬ್ರೇ, ಇಬ್ಬರದು" ಎಂದೆ.

ಪತ್ರದ ಕೆಳಗಿನ ಚೀಟಿಯನ್ನು ಹೊಸದಾಗಿ ಬರೆದೆ: ಮಾತು ನಾಯಕರದು, ಅಕ್ಷರ ಮತ್ತು ಸಹಿ ನಗರಗೆರೆಯ ಶ್ರೀ ಇಂಥವರದು ಎಂದು. ಅದರ ಫೋಟೋ ಆ ವೃದ್ಧೆಯ ಸೊಸೆಯ ಮೊಬೈಲಿಗೆ ಕಳಿಸಿದೆ. ಸಂಜೆ ಅತ್ತೆಯೇ ಫೋನ್ ಮಾಡಿದರು.

"ಶ್ರೀ ಅಂತ ಬೇರೆ ಹಾಕಿದ್ದೀಯಂತಲ್ಲಮ್ಮ! ಅಪ್ಪ ಇದ್ದಿದ್ರೆ ನಾಚ್ಕೊಂಡು ಎದ್ದು ಹೋಗೋರು."